ಗೃಹಸುಗಂಧ: ಹಿಂದೂಪುರ–ಕಲ್ಯಾಣದುರ್ಗ ಸೀಮೆ

ಹೂ, ಎಲೆ, ಬೇರು, ಮರದ ಅಂಟು ಮತ್ತು ಇವುಗಳಿಂದ ಭಟ್ಟಿಯಿಳಿಸಿದ ತೈಲಗಳ ಪರಿಮಳವನ್ನು ಮನೆಯ ಒಳಾಂಗಣದ ಒಂದು ಅಂಗವೆಂದು ಎಣಿಸಿ, ಗಾಳಿ ಬೆಳಕುಗಳಂತೆಯೇ ಯೋಚಿಸಿ ಬಳಸುವ ಕ್ರಮಕ್ಕೆ ಗೃಹಸುಗಂಧವೆನ್ನಬಹುದು. ಪಟ್ಟಣದ ಅಂಗಡಿಗಳಿಗೆ ಇದು ಅರೋಮಾಥೆರಪಿ, ಅಂದರೆ ಪರಿಮಳ ಚಿಕಿತ್ಸೆ, ಎಂಬ ಹೆಸರು ಹೊತ್ತು ಸಣ್ಣ ಸೀಸೆಗಳಲ್ಲಿ ಬಂದದ್ದು ಈಚೆಗೆ. ಆದರೆ ಹಿಂದೂಪುರ ಮತ್ತು ಕಲ್ಯಾಣದುರ್ಗದ ಸುತ್ತಿನ ಕನ್ನಡ, ತೆಲುಗು ಮನೆಗಳಲ್ಲಿ ಪರಿಮಳವೆಂಬುದು ಕೊಂಡು ತಂದಿಡುವ ವಸ್ತುವಾಗಿರುವುದಕ್ಕಿಂತ ಹೆಚ್ಚಾಗಿ ಮನೆಯ ಕಟ್ಟಡಕ್ಕೂ ದಿನದ ಹೊತ್ತಿಗೂ ಅಂಟಿಕೊಂಡ ರೂಢಿಯಾಗಿದೆ. ಎರಡೂ ಊರುಗಳು ಆಂಧ್ರಪ್ರದೇಶದ ಹಳೆಯ ಅನಂತಪುರ ಜಿಲ್ಲೆಗೆ ಸೇರಿದ್ದವು. 2022ರ ಏಪ್ರಿಲ್‌ನಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆ ರಚನೆಯಾದಾಗ ಗೌರಿಬಿದನೂರಿಗೆ ಹತ್ತಿರದ ಹಿಂದೂಪುರ ಅದಕ್ಕೆ ಸೇರಿತು, ಪಾವಗಡ, ಚಳ್ಳಕೆರೆಗಳ ಕಡೆಯ ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ವರ್ಷಕ್ಕೆ ಸುಮಾರು 550 ಮಿ.ಮೀ. ಮಳೆ ಕಾಣುವ ಈ ಒಣಸೀಮೆಯಲ್ಲಿ ಗಾಳಿಯ ತೇವ ಕಡಿಮೆಯಾದ್ದರಿಂದ ಹೂವು ಬೇಗ ಬಾಡುತ್ತದೆ, ನೆನೆದ ಬೇರು ಬೇಗ ಆರುತ್ತದೆ. ಇಲ್ಲಿನ ಬಳಕೆಗಳನ್ನು ಅರಿಯಲು ಈ ಸಂಗತಿ ನೆನಪಿನಲ್ಲಿರಬೇಕು.

ಸೀಮೆಯ ಹಳೆಯ ಮನೆ ಮಣ್ಣಿನ ಮಾಳಿಗೆಯದು. ಕಲ್ಲಿನ ಇಲ್ಲವೆ ಮಣ್ಣಿನ ದಪ್ಪ ಗೋಡೆಗಳ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಅದರ ಮೇಲೆ ಬಂದರಿಕೆ ಸೊಪ್ಪಿನ ಹಾಸು, ಕೊನೆಗೆ ಮಣ್ಣು ಮತ್ತು ನೀರು ಇಳಿಯಗೊಡದ ಚೌಳು ಮಣ್ಣಿನ ಪದರ ಬೀಳುತ್ತದೆ. ಮಾಳಿಗೆಯ ನಡುವೆ ಬಿಟ್ಟ ಕಿಂಡಿಗೆ ಗವಾಕ್ಷಿ ಎಂದು ಹೆಸರು; ತಳ ಒಡೆದ ಮಡಕೆಯನ್ನು ಅದರಲ್ಲಿ ಕೂರಿಸಿ, ಮಳೆ ಬಂದಾಗ ಮೇಲೊಂದು ಚಪ್ಪಡಿ ಮುಚ್ಚುವುದು ವಾಡಿಕೆ. ಗವಾಕ್ಷಿಯನ್ನು ಬೆಳಕಿಗಾಗಿ ಇಟ್ಟದ್ದೆಂದು ಹೇಳುವವರೇ ಹೆಚ್ಚಾದರೂ ಮನೆಯ ಪರಿಮಳವನ್ನು ಹದದಲ್ಲಿಟ್ಟದ್ದು ಅದೇ: ನಡುಮನೆಯಲ್ಲಿ ಹಾಕಿದ ಧೂಪದ ಹೊಗೆ ಬಿಸಿಯಿಂದ ಮೇಲೇರಿ, ತೊಲೆ ಜಂತೆಗಳನ್ನು ಸವರಿಕೊಂಡು ಅಲ್ಲಿಂದ ಹೊರಬೀಳುತ್ತಿತ್ತು. ಹೊಗೆ ಹೋದರೂ ವಾಸನೆಯ ತೆಳುವಾದ ಪಾಲು ಸುಣ್ಣದ ಗೋಡೆಯಲ್ಲಿ ಉಳಿಯುತ್ತಿತ್ತು, ಏಕೆಂದರೆ ಸುಣ್ಣವೂ ಮಣ್ಣೂ ಸೂಕ್ಷ್ಮರಂಧ್ರಗಳುಳ್ಳ ಪದಾರ್ಥಗಳಾಗಿದ್ದು ಆವಿಯಾದ ಗಂಧದ ಕಣಗಳನ್ನು ಹೀರಿ, ನಿಧಾನವಾಗಿ ಹೊರಬಿಡುತ್ತವೆ. ಹೊಳಪಿನ ಪೇಂಟು ಬಳಿದ ಗೋಡೆಗೆ ಈ ಗುಣವಿಲ್ಲ.

ಹೊಗೆಯ ಪರಿಮಳಗಳಲ್ಲಿ ಮೊದಲ ಸ್ಥಾನ ಸಾಂಬ್ರಾಣಿಗೆ. ಇದು ಸುಮಾತ್ರ, ಜಾವಾ ಕಡೆಯ ಸ್ಟೈರಾಕ್ಸ್ ಜಾತಿಯ ಮರಗಳ ಕಾಂಡವನ್ನು ಕಚ್ಚುಮಾಡಿದಾಗ ಒಸರಿ ಗಟ್ಟಿಯಾಗುವ ಅಂಟು. ಬಾಣಂತಿಯ ಕೋಣೆಯಲ್ಲಿ ಇದರ ಬಳಕೆಯನ್ನು ಹತ್ತಿರದಿಂದ ಕಾಣಬಹುದು. ಎಣ್ಣೆನೀರು ಮುಗಿದ ಮೇಲೆ ಒಲೆಯಿಂದ ನಾಲ್ಕು ಕೆಂಡವನ್ನು ಮಣ್ಣಿನ ಧೂಪದ ಬಟ್ಟಲಿಗೆ ಹಾಕಿ, ಬೂದಿ ಊದಿ, ಸಾಂಬ್ರಾಣಿ ಪುಡಿಯ ಜೊತೆಗೆ ಓಮ, ಬಜೆಯ ಚೂರು, ಬೆಳ್ಳುಳ್ಳಿ ಸಿಪ್ಪೆ ಉದುರಿಸುತ್ತಾರೆ. ಬಟ್ಟಲ ಮೇಲೆ ಬಿದಿರ ಬುಟ್ಟಿಯನ್ನು ಬೋರಲು ಹಾಕಿ, ಬಾಣಂತಿಯ ಒದ್ದೆ ಕೂದಲನ್ನು ಅದರ ಮೇಲೆ ಹರಡುತ್ತಾರೆ. ಕೂದಲು ಆರುವುದು, ಕೋಣೆಯ ಥಂಡಿ ವಾಸನೆ ಹೋಗುವುದು, ಸೊಳ್ಳೆ ದೂರವಾಗುವುದು ಒಂದೇ ಕೆಲಸದಲ್ಲಿ ಆಗುತ್ತದೆ. ಗುಡಿಯಲ್ಲಿ ಗುಗ್ಗುಳ, ದರ್ಗಾಗಳಲ್ಲಿ ಲೋಬಾನ ಎಂದು ಹೆಸರು ಬೇರೆಯಾದರೂ ಕೆಂಡದ ಮೇಲೆ ಮರದ ಅಂಟನ್ನು ಹಾಕುವ ಕ್ರಮ ಒಂದೇ. ಸಾಂಬ್ರಾಣಿಯನ್ನೇ ಅರಬ್ಬರು ಜಾವಾದ ಲುಬಾನ್ ಎಂದು ಕರೆದರು.

ಊದಿನಕಡ್ಡಿಯಲ್ಲಿರುವ ‘ಊದು’ ಕೂಡ ಅಗರು ಮರವನ್ನು ಹೇಳುವ ಅರಬ್ಬಿ ಮಾತು. ಕನ್ನಡದ ಊದುವ ಕ್ರಿಯೆಗೂ ಅದಕ್ಕೂ ನಂಟಿಲ್ಲ. ಕಡ್ಡಿ ಹೊಸೆಯುವ ಉದ್ಯಮಕ್ಕೆ ಮೈಸೂರು, ಬೆಂಗಳೂರುಗಳು ಹೆಸರಾಗಿವೆ. ಮೊದಲು ಶ್ರೀಗಂಧದ ಪುಡಿ, ಹಾಲ್ಮಡ್ಡಿ, ಜೇನು ಸೇರಿಸಿ ನಾದಿದ ಹದವನ್ನು ಬಿದಿರ ಕಡ್ಡಿಗೆ ಹೊಸೆಯುತ್ತಿದ್ದರು. ಈಗ ಮಾರಾಟವಾಗುವವುಗಳಲ್ಲಿ ಹೆಚ್ಚಿನವು ಇದ್ದಿಲ ಹಿಟ್ಟು ಮತ್ತು ಜಿಗಟಿನ ಬರಿಗಡ್ಡಿಯನ್ನು ಕೃತಕ ಸುಗಂಧದಲ್ಲಿ ಅದ್ದಿ ತೆಗೆದವು. ಶ್ರೀಗಂಧದ ತೈಲವಂತೂ, 1916ರಲ್ಲಿ ಮೈಸೂರಿನಲ್ಲಿ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆ ಆರಂಭವಾದರೂ, ಸಾಮಾನ್ಯ ಮನೆಗೆ ಎಂದೂ ಎಟುಕಲಿಲ್ಲ. ಸಾಣೆಕಲ್ಲಿನ ಮೇಲೆ ತೇಯುವ ಕೊರಡಿನ ತುಂಡು ಮಾತ್ರ ದೇವರ ಗೂಡಿನಲ್ಲಿ ತಲೆಮಾರುಗಟ್ಟಲೆ ಸವೆಯುತ್ತ ಬಂದಿದೆ.

ಹೊಗೆಯಿಲ್ಲದ ಪರಿಮಳಗಳು ಒಳಾಂಗಣಕ್ಕೆ ಹೆಚ್ಚು ಹೊಂದುತ್ತವೆ. ಮಲ್ಲಿಗೆ ಮೊಗ್ಗು ಸಂಜೆ ಬಿರಿಯುವ ಹೊತ್ತಿಗೆ ಪರಿಮಳ ಬಿಡತೊಡಗುವುದರಿಂದ, ಮೊಳದ ಲೆಕ್ಕದಲ್ಲಿ ತಂದ ಹೂವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ದೀಪ ಹಚ್ಚುವಾಗ ಬಿಚ್ಚುತ್ತಾರೆ. ದವನ ಇದಕ್ಕೆ ವ್ಯತಿರಿಕ್ತ: ಚೈತ್ರದ ಹೊತ್ತಿಗೆ ಬರುವ ಈ ಪುಟ್ಟ ಗಿಡ ನೆರಳಿನಲ್ಲಿ ಒಣಗಿದ ಮೇಲೂ ಗಂಧ ಕಳೆದುಕೊಳ್ಳದ್ದರಿಂದ ಸೀರೆಯ ಪೆಟ್ಟಿಗೆಗೆ ಸಲ್ಲುತ್ತದೆ, ಮರುಗ ಅದರ ಜೊತೆಗಾರ. ಇವೆಲ್ಲಕ್ಕಿಂತ ಈ ಸೀಮೆಗೆ ಒಪ್ಪುವುದು ಲಾವಂಚ. ಹುಲ್ಲಿನ ಜಾತಿಯ ಈ ಗಿಡದ ಬೇರಿನಿಂದ ಹೆಣೆದ ತಟ್ಟಿಯನ್ನು ಕಿಟಕಿಗೆ ಕಟ್ಟಿ ನೀರು ಚಿಮುಕಿಸಿದರೆ, ನೀರು ಆವಿಯಾಗುವಾಗ ಗಾಳಿಯ ಬಿಸಿಯನ್ನು ಹೀರಿಕೊಂಡು ಕೋಣೆಯನ್ನು ತಂಪುಮಾಡುತ್ತದೆ, ಮಣ್ಣಿನಂಥ ಗಂಧವೂ ಜೊತೆಗೇ ಒಳಬರುತ್ತದೆ. ತೇವ ತುಂಬಿದ ಕರಾವಳಿಯಲ್ಲಿ ಅಷ್ಟಾಗಿ ಫಲಿಸದ ಈ ಉಪಾಯ ಕಲ್ಯಾಣದುರ್ಗದ ಏಪ್ರಿಲ್, ಮೇ ತಿಂಗಳ ಒಣಬಿಸಿಲಿಗೆ ಹೇಳಿ ಮಾಡಿಸಿದಂತಿದೆ.

ಕಾಸು ಕೇಳದೆ ಮನೆಗೆ ಬರುವ ಪರಿಮಳವೆಂದರೆ ಮೊದಲ ಮಳೆಯ ಮಣ್ಣಿನದು. ಮಣ್ಣಿನ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾ ಉಂಟುಮಾಡುವ ಜಿಯೋಸ್ಮಿನ್ ಎಂಬ ರಾಸಾಯನಿಕವೂ, ಮಳೆಯಿಲ್ಲದ ಒಣದಿನಗಳಲ್ಲಿ ಕಲ್ಲು ಮಣ್ಣುಗಳು ಹೀರಿಟ್ಟುಕೊಂಡ ಸಸ್ಯತೈಲವೂ ಸೇರಿ ಈ ವಾಸನೆಯಾಗುತ್ತದೆ. ಆಸ್ಟ್ರೇಲಿಯಾದ ಇಸಬೆಲ್ ಬೇರ್ ಮತ್ತು ರಿಚರ್ಡ್ ಥಾಮಸ್ 1964ರಲ್ಲಿ ಇದಕ್ಕೆ ಪೆಟ್ರಿಕೋರ್ ಎಂದು ಹೆಸರಿಟ್ಟರು. ಉತ್ತರಪ್ರದೇಶದ ಕನೌಜಿನವರು ಸುಟ್ಟ ಮಣ್ಣನ್ನು ಭಟ್ಟಿಗೆ ಹಾಕಿ ಇದನ್ನೇ ಅತ್ತರಾಗಿ ಇಳಿಸುತ್ತಾರೆ.

ಗಂಧಯುಕ್ತಿ, ಅಂದರೆ ಸುಗಂಧದ್ರವ್ಯಗಳನ್ನು ಬೆರೆಸುವ ವಿದ್ಯೆ, ಕನ್ನಡಕ್ಕೆ ಹೊಸದಲ್ಲ. 11ನೆಯ ಶತಮಾನದ ಇಮ್ಮಡಿ ಚಾವುಂಡರಾಯನ ಲೋಕೋಪಕಾರದಲ್ಲಿ ಅದಕ್ಕೆ ಸ್ಥಾನವಿದೆ. ಅರೋಮಾಥೆರಪಿ ಎಂಬ ಮಾತು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ರೆನೆ-ಮಾರಿಸ್ ಗಾತ್‌ಫೋಸೆಯದು, ಅವನ ಪುಸ್ತಕ 1937ರಲ್ಲಿ ಬಂತು. ವಾಸನೆಯ ಸಂಕೇತ ಭಾವ, ನೆನಪುಗಳನ್ನು ನಿರ್ವಹಿಸುವ ಮಿದುಳಿನ ಭಾಗಗಳನ್ನು ನೇರವಾಗಿ ಮುಟ್ಟುವುದರಿಂದ ಮನಸ್ಸು ಹಗುರಾಗುವುದು ಸಹಜವೇ ಆದರೂ, ರೋಗ ವಾಸಿಮಾಡುತ್ತದೆಂಬ ಅಂಗಡಿಯ ಮಾತಿಗೆ ಗಟ್ಟಿ ಆಧಾರ ಕಡಿಮೆ.

ಕಾಂಕ್ರೀಟ್ ತಾರಸಿಯ ಮನೆಗಳು ಬಂದಂತೆ ಗವಾಕ್ಷಿ ಮರೆಯಾಯಿತು, ಸಾಂಬ್ರಾಣಿ ಮಾತ್ರ ಉಳಿಯಿತು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಧೂಪದ, ಊದಿನಕಡ್ಡಿಯ ಹೊಗೆಯಲ್ಲಿರುವ ಸೂಕ್ಷ್ಮ ಕಣಗಳು ಗಂಟೆಗಟ್ಟಲೆ ತೇಲುತ್ತಿದ್ದು ಉಬ್ಬಸವಿರುವವರಿಗೂ ಕೂಸುಗಳಿಗೂ ತೊಂದರೆ ಕೊಡುತ್ತವೆ. ಬಾಣಂತಿ ಕೋಣೆಯ ಹಳೆಯ ಪದ್ಧತಿಯನ್ನು ಗಾಳಿಯಾಡದ ಕೋಣೆಗೆ ಹಾಗೆಯೇ ತರುವುದು ತಪ್ಪು. ಕರ್ಪೂರ ಮತ್ತು ನೀಲಗಿರಿ ತೈಲಗಳು ಮಕ್ಕಳ ಹೊಟ್ಟೆಗೆ ಹೋದರೆ ಸೆಳವು ಬರಬಹುದಾದ್ದರಿಂದ ಸೀಸೆಗಳು ಅವರ ಕೈಗೆ ಸಿಗಬಾರದು. ಮೂಗು ಒಂದೇ ವಾಸನೆಗೆ ಕೆಲವೇ ನಿಮಿಷಗಳಲ್ಲಿ ಒಗ್ಗಿಬಿಡುವುದರಿಂದ ಮನೆಯವರು ಸಾಲದೆಂದು ಮತ್ತೆ ಮತ್ತೆ ತೈಲ ಸುರಿಯುವುದುಂಟು, ಹೊರಗಿನಿಂದ ಬಂದವರಿಗೆ ಮಾತ್ರ ತಲೆ ಸಿಡಿಯುತ್ತದೆ. ಇನ್ನು ಸೋರುವ ತಾರಸಿಯ ಬೂಷ್ಟು ವಾಸನೆಯನ್ನು ಸುಗಂಧದಿಂದ ಮುಚ್ಚಲು ಹೊರಡುವುದು ಹಣ ದಂಡಮಾಡುವ ದಾರಿ. ಅಲ್ಲಿ ಬೇಕಾದದ್ದು ಗಾರೆ ಕೆಲಸದವನು.

ವಿದ್ಯುತ್ತಿನ ಡಿಫ್ಯೂಸರ್, ಅಂದರೆ ತೈಲ ಬೆರೆತ ನೀರನ್ನು ಮಂಜಾಗಿ ಚೆಲ್ಲುವ ಉಪಕರಣ, ಇಲ್ಲದೆಯೂ ಕೆಲಸ ನಡೆಯುತ್ತದೆ. ಮೆರುಗು ಹಚ್ಚದ ಮಣ್ಣಿನ ಹಣತೆಗೆ ಮಜ್ಜಿಗೆಹುಲ್ಲಿನ ಎಣ್ಣೆಯ ಎರಡು ಹನಿ ಬಿಟ್ಟು ಗಾಳಿ ಒಳಬರುವ ಕಿಟಕಿಯ ಹತ್ತಿರ ಇಟ್ಟರೆ, ಮಣ್ಣು ಅದನ್ನು ಕುಡಿದು ದಿನವಿಡೀ ಸ್ವಲ್ಪಸ್ವಲ್ಪವಾಗಿ ಬಿಡುತ್ತದೆ. ಲಾವಂಚದ ಬೇರಿನ ಹಿಡಿಯೊಂದನ್ನು ತೊಳೆದು ಕುಡಿಯುವ ನೀರಿನ ಮಡಕೆಗೆ ಹಾಕಿ, ಮೂರು ನಾಲ್ಕು ದಿನಕ್ಕೊಮ್ಮೆ ತೆಗೆದು ಬಿಸಿಲಿಗೆ ಒಣಗಿಸಿ ಮತ್ತೆ ಬಳಸುತ್ತಾರೆ. ನೀರಿಗೆ ಗಂಧ ಇಳಿಯುವುದು ನಿಂತಾಗ ಅದೇ ಹಿಡಿಯನ್ನು ಚೆನ್ನಾಗಿ ಒಣಗಿಸಿ, ಬಟ್ಟೆಯ ಬೀರುವಿನ ತಳದಲ್ಲಿ ದವನದ ಕಡ್ಡಿಗಳ ಪಕ್ಕಕ್ಕೆ ಇಡುತ್ತಾರೆ.