ಉಬ್ಬರವಿಳಿತದ ತೀರದಿಂದ ಅಂಟಾರ್ಕ್ಟಿಕದವರೆಗೆ: ಡಾ. ಖಾಸಿಂ ಅವರ ಸಾಗರಯಾನ

ತಬೂಕ್ ನಗರದಿಂದ ರಜಾದಿನಗಳಲ್ಲಿ ಶರ್ಮಾ, ದುಬಾ, ಹಕ್ಲ್ ತೀರಗಳಿಗೆ ಹೋಗಿಬರುವ ನಮ್ಮ ಕುಟುಂಬಗಳು ಒಂದು ವಿಷಯವನ್ನು ಗಮನಿಸಿರಬಹುದು. ಇಲ್ಲಿಯ ಸಮುದ್ರ ನಮ್ಮೂರ ಕಡಲಿನಷ್ಟು ಏರಿಳಿಯುವುದಿಲ್ಲ. ಕೆಂಪು ಸಮುದ್ರವು ಕಿರಿದಾದ ಬಾಬ್ ಎಲ್ ಮಂದೆಬ್ ಜಲಸಂಧಿಯ ಮೂಲಕ ಹಿಂದೂ ಮಹಾಸಾಗರವನ್ನು ಕೂಡುವುದರಿಂದ ಇಲ್ಲಿಯ ಉಬ್ಬರವಿಳಿತ ಸಾಮಾನ್ಯವಾಗಿ ಒಂದು ಮೀಟರಿಗಿಂತ ಕಡಿಮೆಯೇ ಇರುತ್ತದೆ. ಕಾರವಾರದಲ್ಲಿ ಅದು ಸುಮಾರು ಎರಡು ಮೀಟರ್. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಹತ್ತು ಮೀಟರನ್ನೂ ಮೀರುವುದುಂಟು.

ಈ ಏರಿಳಿತದಲ್ಲಿ ಬದುಕುವ ಜೀವಿಗಳ ಅಧ್ಯಯನದಿಂದ ವೃತ್ತಿಯನ್ನು ಆರಂಭಿಸಿ, ಭಾರತದ ಸಾಗರ ಸಂಶೋಧನೆಯ ನೇತೃತ್ವ ವಹಿಸಿದವರು ಡಾ. ಸೈಯದ್ ಜಹೂರ್ ಖಾಸಿಂ. 1926ರಲ್ಲಿ ಅಲಹಾಬಾದಿನಲ್ಲಿ ಜನಿಸಿದ ಅವರು ಅಲಿಗಢದಲ್ಲಿ ಓದಿ, ವೇಲ್ಸ್‌ನ ಬ್ಯಾಂಗರಿನಲ್ಲಿ ಸಂಶೋಧನೆ ನಡೆಸಿದರು. ನೀರಿಳಿದಾಗ ಬಂಡೆಗಳ ಸಂದಿಯಲ್ಲಿ ಉಳಿಯುವ ಸಣ್ಣ ಮೀನುಗಳ ಕುರಿತ ಅವರ ಲೇಖನಗಳು 1957ರಲ್ಲಿ ಪ್ರಕಟವಾದವು. ಮುಂದೆ ಕೊಚ್ಚಿಯ ಹಿನ್ನೀರಿನ ಜೀವೋತ್ಪಾದನೆಯನ್ನು ಅಳೆದರು. ಕಾರವಾರ, ಮಂಗಳೂರುಗಳಲ್ಲಿಯೂ ಕೇಂದ್ರಗಳಿರುವ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯನ್ನು 1970ರ ದಶಕದ ಆರಂಭದಲ್ಲಿ ಮುನ್ನಡೆಸಿದರು. 1974ರಿಂದ 1981ರವರೆಗೆ ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದರು. ಭಾರತದ ಮೊದಲ ಅಂಟಾರ್ಕ್ಟಿಕ ಯಾತ್ರೆ ಅವರ ನಾಯಕತ್ವದಲ್ಲಿಯೇ 1981ರ ಡಿಸೆಂಬರ್ 6ರಂದು ಗೋವಾದಿಂದ ಹೊರಟು, 1982ರ ಜನವರಿ 9ರಂದು ಆ ಹಿಮಭೂಮಿಯನ್ನು ತಲುಪಿತು.

ಅನಂತರ ಅವರು ಸಾಗರ ಅಭಿವೃದ್ಧಿ ಇಲಾಖೆಯ ಕಾರ್ಯದರ್ಶಿಯಾದರು. ಆ ಅವಧಿಯಲ್ಲಿಯೇ, 1983ರಲ್ಲಿ, ಇಲಾಖೆಯ ನೆರವಿನಿಂದ ಮದ್ರಾಸಿನ ಐಐಟಿಯಲ್ಲಿ ಅಲೆಗಳಿಂದ ವಿದ್ಯುತ್ ಪಡೆಯುವ ಸಂಶೋಧನೆ ಆರಂಭವಾಯಿತು. ಅದರ ಫಲವಾಗಿ ಕೇರಳದ ವಿಳಿಞ್ಞಂನಲ್ಲಿ 150 ಕಿಲೋವಾಟ್ ಸಾಮರ್ಥ್ಯದ ಪ್ರಾಯೋಗಿಕ ಘಟಕವು 1991ರಲ್ಲಿ ವಿದ್ಯುತ್ ಉತ್ಪಾದಿಸಿತು. ಆ ಘಟಕ ಇಂದು ಉಳಿದಿಲ್ಲ. ಅದು ಕಲಿಸಿದ ಪಾಠ ಉಳಿದಿದೆ.

ಉಬ್ಬರವಿಳಿತದ ವಿದ್ಯುತ್ತಿನ ದಾರಿ ಬೇರೆ. ಏರಿದ ನೀರನ್ನು ಒಡ್ಡಿನ ಹಿಂದೆ ತಡೆದು, ಹೊರಗೆ ಕಡಲು ಇಳಿದಾಗ ಯಂತ್ರಗಳ ಮೂಲಕ ಹರಿಸಬೇಕು. ಫ್ರಾನ್ಸಿನ ಲಾ ರಾನ್ಸ್‌ನಲ್ಲಿ 240 ಮೆಗಾವಾಟಿನ ಇಂಥ ಸ್ಥಾವರ 1966ರಲ್ಲಿ ಉದ್ಘಾಟನೆಯಾಯಿತು. ಆದರೆ ಅದನ್ನು ಕಟ್ಟುವಾಗ ಅಳಿವೆಯನ್ನು ಸುಮಾರು ಮೂರು ವರ್ಷ ಕಡಲಿನಿಂದ ಬೇರ್ಪಡಿಸಿದ್ದರಿಂದ ಅಲ್ಲಿಯ ಕಡಲಜೀವಿಗಳು ಬಹುಪಾಲು ನಾಶವಾದವು. ಜೀವಸಂಕುಲ ಚೇತರಿಸಿಕೊಳ್ಳಲು ಸುಮಾರು ಒಂದು ದಶಕವೇ ಹಿಡಿಯಿತು. ಕಡಲಿನಿಂದ ಶಕ್ತಿ ಪಡೆಯುವ ನಿರ್ಧಾರದಲ್ಲಿ ಎಂಜಿನಿಯರನ ಪಕ್ಕದಲ್ಲಿ ಜೀವವಿಜ್ಞಾನಿಯೂ ಕುಳಿತಿರಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಖಾಸಿಂ ಅವರ ಜೀವನದ ಮಹತ್ವ ಇರುವುದು ಇಲ್ಲಿಯೇ. ಬಂಡೆಯ ಸಂದಿಯ ಮೀನನ್ನು ಬಲ್ಲವರೊಬ್ಬರು ರಾಷ್ಟ್ರದ ಸಾಗರನೀತಿಯನ್ನು ರೂಪಿಸುವ ಪೀಠದಲ್ಲಿ ಕುಳಿತರು. 1989ರಿಂದ 1991ರವರೆಗೆ ದೆಹಲಿಯ ಜಾಮಿಯಾ ಮಿಲಿಯಾ ಇಸ್ಲಾಮಿಯಾದ ಕುಲಪತಿಗಳಾಗಿ, ಮುಂದೆ 1996ರವರೆಗೆ ಯೋಜನಾ ಆಯೋಗದ ಸದಸ್ಯರಾಗಿ ಸೇವೆ ಸಲ್ಲಿಸಿದ ಅವರು 2015ರ ಅಕ್ಟೋಬರ್‌ನಲ್ಲಿ ನಿಧನರಾದರು.

ಮುಂದಿನ ಸಲ ಶರ್ಮಾ ತೀರದಲ್ಲಿ ಮಕ್ಕಳು ಬುತ್ತಿಯನ್ನೂ ಮರೆತು ಕಲ್ಲುಗಳ ನಡುವಿನ ಪುಟ್ಟ ಮೀನನ್ನು ನೋಡುತ್ತ ಕುಳಿತರೆ, ದಯವಿಟ್ಟು ಅವಸರದಿಂದ ಎಬ್ಬಿಸದಿರೋಣ.