ರೈತರ ಚಿಂತೆ ಗಂಡಸರಿಗೆ ಮಾತ್ರವೇ? ಅಂಕಿ ಹೇಳುವುದು, ಮುಚ್ಚಿಡುವುದು

‘ಸಾಲ ಮಾಡುವವನು ಗಂಡಸು, ತಲೆ ಕೆಡಿಸಿಕೊಳ್ಳುವವನೂ ಅವನೇ. ಹೆಂಗಸರು ಅತ್ತು ಹಗುರಾಗುತ್ತಾರೆ.’ ರೈತರ ಸಂಕಷ್ಟದ ಬಗ್ಗೆ ಓಡಾಡುವ ಫಾರ್ವರ್ಡ್‌ಗಳಲ್ಲಿ ಈ ಧಾಟಿಯ ಮಾತು ನಿಮಗೂ ಬಂದಿರಬಹುದು. ಇದು ನಿಜವೇ? ಅರ್ಧ ಮಾತ್ರ.

ನಿಜದ ಭಾಗ ಮೊದಲು. ಎನ್‌ಸಿಆರ್‌ಬಿ ವರದಿಯ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ಕೃಷಿಕರು 5,207. ಅವರಲ್ಲಿ ಗಂಡಸರು 4,999, ಹೆಂಗಸರು 208. ಇಷ್ಟನ್ನೇ ನೋಡಿದರೆ ಫಾರ್ವರ್ಡ್ ಸರಿ ಅನ್ನಿಸುತ್ತದೆ.

ಆದರೆ ‘ಕೃಷಿಕ’ ಎಂದು ಲೆಕ್ಕಕ್ಕೆ ಸಿಗುವುದು ಯಾರು? 2015-16ರ ಕೃಷಿ ಗಣತಿಯಲ್ಲಿ ಹಿಡುವಳಿದಾರರ ಪೈಕಿ ಹೆಂಗಸರು ಶೇ. 14ರಷ್ಟು ಮಾತ್ರ. ಪಹಣಿಯಲ್ಲಿ ಹೆಸರಿಲ್ಲದವಳು ದಿನವಿಡೀ ತೋಟದಲ್ಲಿ ದುಡಿದರೂ ಕಡತದಲ್ಲಿ ‘ಗೃಹಿಣಿ’ಯಾಗುವ ಸಾಧ್ಯತೆಯೇ ಹೆಚ್ಚು. ಅದೇ 2022ರ ವರದಿಯಲ್ಲಿ ‘ಗೃಹಿಣಿ’ ಎಂದು ದಾಖಲಾದ ಸಾವುಗಳು 25,309. ಅವರೆಲ್ಲ ರೈತ ಮಹಿಳೆಯರು ಎಂದು ನಾವು ಹೇಳುತ್ತಿಲ್ಲ. ಎಷ್ಟು ಮಂದಿ ಹೌದು ಎಂಬುದನ್ನು ಆ ಪಟ್ಟಿ ಬಿಡಿಸಿ ಹೇಳುವುದಿಲ್ಲ, ಅಷ್ಟೇ. ಪತ್ರಕರ್ತ ಪಿ. ಸಾಯಿನಾಥ್ ವರ್ಷಗಳಿಂದ ಎತ್ತುತ್ತಿರುವ ತಕರಾರೂ ಇದೇ.

ಸುಳ್ಯ ತಾಲ್ಲೂಕಿನ ಮಂಡೆಕೋಲನ್ನೇ ತೆಗೆದುಕೊಳ್ಳಿ. ಕೇರಳ ಗಡಿಗೆ ತಾಗಿದ ಅಡಿಕೆಯ ಊರು. ಈ ತಾಲ್ಲೂಕಿನ ಸಂಪಾಜೆ, ಅರಂತೋಡು ಕಡೆ ಹಳದಿ ಎಲೆ ರೋಗ ತೋಟಗಳನ್ನೇ ಬೋಳು ಮಾಡಿದೆ. ಇದಕ್ಕೆ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಕಾರಣ, ಗುಣಪಡಿಸುವ ಮದ್ದು ಇನ್ನೂ ಇಲ್ಲ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿಯೂ ಸೇರಿಕೊಂಡಿದೆ. ಮಳೆಗಾಲದ ಕೊಳೆರೋಗ ಮೊದಲಿನಿಂದಲೂ ಇದ್ದದ್ದೇ. ಆನೆ ಕಾಟ ಬೇರೆ. 2023ರ ಏಪ್ರಿಲ್‌ನಲ್ಲಿ ಪಕ್ಕದ ಅಜ್ಜಾವರದಲ್ಲಿ ನಾಲ್ಕು ಕಾಡಾನೆಗಳು ತೋಟದ ಕೆರೆಗೆ ಬಿದ್ದದ್ದು ನೆನಪಿರಬಹುದು.

ನಷ್ಟ ಒಂದೇ, ಅದು ತಟ್ಟುವ ಬಗೆ ಎರಡು. ಸೊಸೈಟಿ ಸಾಲದ ಕಂತು, ಬೋರ್ಡೋ ಹೊಡೆಯಲು ಮರ ಹತ್ತುವವರು ಸಿಗದಿರುವುದು, ಮಳೆ ಬಿಡುವು ಕೊಡದಿರುವುದು, ಇವು ಹೆಚ್ಚಾಗಿ ಗಂಡಸಿನ ತಲೆಯ ಮೇಲೆ. ಹೆಂಗಸಿನ ಪಾಲಿಗೆ ದನ, ಸೊಪ್ಪು, ಅಂಗಳದ ಅಡಿಕೆ, ಅಡುಗೆ, ಹಿರಿಯರ ಆರೈಕೆ. ಅದರ ಮೇಲೆ ಸಂಘದ ಸಾಲದ ವಾರದ ಕಂತು, ಕೆಲವು ಮನೆಗಳಲ್ಲಿ ಬೀಡಿ. ಫಸಲು ಹೋದ ವರ್ಷ ಕೂಲಿಯಾಳನ್ನು ಬಿಡಿಸಿದರೆ ಆ ಕೆಲಸ ಯಾರ ಕೈಗೆ ಬರುತ್ತದೆ ಎಂದು ಬೇರೆ ಹೇಳಬೇಕೇ? ತೋಟ ಕಡಿಯಬೇಕೋ, ಇನ್ನೂ ಎರಡು ವರ್ಷ ನೋಡಬೇಕೋ ಎಂಬ ಮಾತಿಗೆ ಮಾತ್ರ ಅವಳನ್ನು ಕರೆಯುವುದು ಕಡಿಮೆ. ತನ್ನ ಹಿಡಿತಕ್ಕೆ ಸಿಗದ ಒತ್ತಡವೇ ದೇಹವನ್ನು ಹೆಚ್ಚು ದಣಿಸುವುದು.

ಒತ್ತಡ ಬಂದಾಗ ದೇಹ ಅಡ್ರಿನಲಿನ್, ಕಾರ್ಟಿಸೋಲ್ ಎಂಬ ಹಾರ್ಮೋನುಗಳನ್ನು ಬಿಡುತ್ತದೆ. ಆನೆ ಎದುರಾದಾಗ ಓಡಲು ಅದು ಬೇಕೇ ಬೇಕು. ತಿಂಗಳುಗಟ್ಟಲೆ ಹಾಗೇ ಉಳಿದರೆ ನಿದ್ದೆ, ರಕ್ತದೊತ್ತಡ, ಸಕ್ಕರೆ ಎಲ್ಲ ಏರುಪೇರು. ಇದು ಗಂಡು ಹೆಣ್ಣು ಇಬ್ಬರಲ್ಲೂ ಒಂದೇ. ತೋರುವ ರೀತಿ ಬೇರೆಯಾಗಬಹುದು: ಗಂಡಸರಲ್ಲಿ ಸಿಟ್ಟು, ಮೌನ, ಕುಡಿತ, ಹೆಂಗಸರಲ್ಲಿ ತಲೆನೋವು, ಸೊಂಟನೋವು, ಸುಸ್ತು. ಹಾಗಾಗಿ ಅವಳಿಗೆ ನೋವಿನ ಮಾತ್ರೆ ಸಿಗುತ್ತದೆ, ಅವನಿಗೆ ‘ಕುಡುಕ’ ಎಂಬ ಹೆಸರು. ಒತ್ತಡದ ಮಾತು ಎರಡೂ ಕಡೆ ಬರುವುದಿಲ್ಲ.

ಕುಡಿದರೆ ನಿದ್ದೆ ಬರುತ್ತದೆ ಎನ್ನುವುದೂ ಪೂರ್ತಿ ನಿಜವಲ್ಲ. ಬೇಗ ಬರುತ್ತದೆ, ನಡುರಾತ್ರಿಯ ಹೊತ್ತಿಗೆ ಒಡೆಯುತ್ತದೆ.

‘ಅತ್ತು ಹಗುರಾಗುತ್ತಾರೆ’ ಎಂಬ ಮಾತಿಗೆ ಬರೋಣ. ಒತ್ತಡದಲ್ಲಿ ಹೆಂಗಸರು ಹೆಚ್ಚಾಗಿ ಇತರರ ಜೊತೆ ಸೇರುವ, ಆರೈಕೆ ಮಾಡುವ ದಾರಿ ಹಿಡಿಯುತ್ತಾರೆ ಎಂದು ಅಮೆರಿಕದ ಮನೋವಿಜ್ಞಾನಿ ಶೆಲ್ಲಿ ಟೇಲರ್ ಮತ್ತು ಸಂಗಡಿಗರು 2000ದಲ್ಲಿ ವಾದಿಸಿದರು. ಸ್ವಸಹಾಯ ಸಂಘದ ವಾರದ ಸಭೆ ಈ ಕೆಲಸ ಮಾಡಬಲ್ಲದು. ಕಂತು ಕಟ್ಟಲಾಗದ ವಾರ ಅದೇ ಸಭೆ ಹೋಗಲು ಹೆದರುವ ಜಾಗವೂ ಆಗುತ್ತದೆ, ಇದನ್ನು ಹೊಗಳುವವರು ಮರೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಖಿನ್ನತೆ ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು. ಹಗುರಾಗಿದ್ದರೆ ಹೀಗಿರುತ್ತಿರಲಿಲ್ಲ.

ಇನ್ನೊಂದು ತಪ್ಪು ನಂಬಿಕೆ: ‘ಸಾಯುವ ಯೋಚನೆ ಬರುತ್ತಿದೆಯೇ ಎಂದು ಕೇಳಿದರೆ ನಾವೇ ಅದನ್ನು ತಲೆಗೆ ಹಾಕಿದಂತೆ.’ ಸುಳ್ಳು. ನೇರವಾಗಿ, ನಿಧಾನವಾಗಿ ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ. ಮಾತಾಡಲು ಅವರಿಗೊಂದು ದಾರಿ ಸಿಗುತ್ತದೆ. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ, ಮನೆಯಲ್ಲಿರುವ ಕೃಷಿ ವಿಷವನ್ನು ಬೀಗ ಹಾಕಿ ದೂರ ಇಡಿ.

ಸಹಾಯಕ್ಕೆ ಟೆಲಿ ಮಾನಸ್ 14416. ಉಚಿತ, ದಿನದ 24 ಗಂಟೆಯೂ, ಕನ್ನಡದಲ್ಲೂ ಮಾತಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸೇವೆ ಇದು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮಾನಸಿಕ ಆರೋಗ್ಯ ತಪಾಸಣೆ ನಡೆಯುತ್ತದೆ. ಹೊರಡುವ ಮೊದಲು ಆಸ್ಪತ್ರೆಗೆ ಫೋನ್ ಮಾಡಿ ಆ ವಾರ ವೈದ್ಯರು ಬರುತ್ತಾರೆಯೇ ಎಂದು ಕೇಳಿಕೊಳ್ಳಿ.