ಹಿತ್ತಲಕ್ಕೂ ಒಂದು ಚರಿತ್ರೆ

ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಅರಸರ ಉದ್ಯಾನಗಳಿಗೆ ಜಾಗವಿದೆ, ಹೆಂಗಸರ ಹಿತ್ತಲಕ್ಕೆ ಇಲ್ಲ. ಅಶೋಕ ಸಾಲುಮರ ನೆಡಿಸಿದ, ಹೈದರಾಲಿ ಲಾಲ್‌ಬಾಗ್ ಮಾಡಿಸಿದ ಎಂದು ನಾನೂ ವರ್ಷ ವರ್ಷ ಪಾಠ ಹೇಳಿದ್ದೇನೆ. ಪಾತ್ರೆ ತೊಳೆದ ನೀರನ್ನು ಬಾಳೆಯ ಬುಡಕ್ಕೆ ತಿರುಗಿಸಿದವಳ ಹೆಸರು ಮಾತ್ರ ಯಾವ ಶಾಸನದಲ್ಲೂ ಇಲ್ಲ. ಈಗ ಪಟ್ಟಣಗಳಲ್ಲಿ ಹೊಸ ಮನೆ ಕಟ್ಟಿಸುವವರೆಲ್ಲ "ಮುಂದೆ ಒಂದು ಚೆಂದದ ಗಾರ್ಡನ್ ಇರಲಿ" ಎನ್ನುತ್ತಾರೆ. ಅದೇ ಬಾಯಲ್ಲಿ "ಈಗ ಗುಬ್ಬಿಗಳೇ ಕಾಣುವುದಿಲ್ಲ ನೋಡ್ರಿ" ಎಂದು ಮರುಗುತ್ತಾರೆ. ಈ ಎರಡು ಮಾತಿಗೂ ಒಂದು ನಂಟಿದೆ. ಅದನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅಶೋಕನಿಂದಲೇ ಆರಂಭಿಸೋಣ. ಅವನ ಶಾಸನಗಳು ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ಸಿಕ್ಕಿವೆ. ಮರ ಮತ್ತು ಬಾವಿಗಳ ಮಾತು ಬರುವುದು ಅವನ ಎರಡನೆಯ ಬಂಡೆ ಶಾಸನದಲ್ಲಿ. ಮದ್ದಿನ ಗಿಡಗಳು ಎಲ್ಲಿಲ್ಲವೋ ಅಲ್ಲಿಗೆ ತರಿಸಿ ನೆಡಿಸಿದೆ, ದಾರಿಯ ಬದಿಗೆ ಬಾವಿ ತೋಡಿಸಿದೆ, ಮರ ಹಚ್ಚಿಸಿದೆ ಎನ್ನುವ ಅರಸ ಇದೆಲ್ಲ ಮನುಷ್ಯರಿಗಾಗಿ ಮಾತ್ರವಲ್ಲ, ಪಶುಗಳಿಗಾಗಿಯೂ ಎಂದು ಹೇಳುತ್ತಾನೆ. ಎರಡು ಸಾವಿರ ವರ್ಷಕ್ಕೂ ಹಿಂದಿನ ಮಾತಿದು. ಮಕ್ಕಳು ಸಾಲುಮರವನ್ನು ನೆನಪಿಡುತ್ತಾರೆ, ಪಶುಗಳನ್ನು ಮರೆಯುತ್ತಾರೆ.

ಆಮೇಲೆ ನಮ್ಮದೇ ನೆಲದ ಕಲ್ಯಾಣ ಚಾಳುಕ್ಯರ ಕಾಲ. ಸುಮಾರು 1025ರಲ್ಲಿ ಚಾವುಂಡರಾಯನೆಂಬ ಕವಿ ಕನ್ನಡದಲ್ಲಿ 'ಲೋಕೋಪಕಾರ' ಬರೆದ. ಜನರ ದಿನದಿನದ ಬದುಕಿಗೆ ಬೇಕಾದುದನ್ನೆಲ್ಲ ಹೇಳುವ ಗ್ರಂಥ ಅದು. ನೆಲದಡಿಯ ನೀರನ್ನು ಗುರುತಿಸುವುದು, ಗಿಡಮರಗಳ ಆರೈಕೆ, ಸುಗಂಧ ದ್ರವ್ಯ, ಅಡುಗೆ, ಮದ್ದು ಎಲ್ಲವೂ ಅದರಲ್ಲಿವೆ. ಬಾವಿ, ಗಿಡ, ಹೂವು, ಒಲೆ ಒಂದೇ ಪುಸ್ತಕದಲ್ಲಿ ಸೇರಿರುವುದು ನನಗೆ ಬಹಳ ಹಿಡಿಸಿತು. ಹೆಂಗಸಿನ ದಿನವೂ ಹಾಗೆಯೇ ಅಲ್ಲವೆ? ನೂರು ವರ್ಷ ಕಳೆದು, 1126ರಿಂದ 1138ರವರೆಗೆ ಕಲ್ಯಾಣದಲ್ಲಿ ಆಳಿದ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ರಚಿಸಿದ. ಅಲ್ಲಿಯೂ ಗಿಡ ಬೆಳೆಸುವ ಕ್ರಮವಿದೆ. ಆದರೆ ಅದರ ತೋಟ ಅರಸನ ವಿಹಾರಕ್ಕೆ, ವನಕ್ರೀಡೆಗೆ ಮೀಸಲು. ಬದುಕಿಗೆ ಒದಗುವ ತೋಟ ಒಂದು, ಕಣ್ಣಿಗೆ ಹಬ್ಬವಾಗುವ ತೋಟ ಇನ್ನೊಂದು. ಈ ಎರಡು ದಾರಿಗಳು ಆಗಲೇ ಇದ್ದವು.

ಮುಂದೆ ಬಹಮನಿ ಸುಲ್ತಾನರು ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಒಯ್ದರು. ಅಲ್ಲಿಯ ಕೋಟೆಯೊಳಗೂ ಒಂದು ಲಾಲ್‌ಬಾಗ್ ಇದೆ, ನೀರಿನ ಕಾಲುವೆ, ಕಾರಂಜಿಗಳ ಗುರುತು ಇವೆ. ಬೀದರಿನಲ್ಲಿ ನೆಲದಡಿ ಸುರಂಗ ಕೊರೆದು ನೀರು ಹರಿಸಿದ ಕರೇಜ್ ಪದ್ಧತಿಯೂ ಉಂಟು. ಮಳೆ ಕಡಿಮೆಯ ಈ ಸೀಮೆಯಲ್ಲಿ ತೋಟವೆಂದರೆ ಮೊದಲು ನೀರಿನ ಲೆಕ್ಕ. ಅರಸರಿಗೆ ಆ ಲೆಕ್ಕ ಗೊತ್ತಿತ್ತು. ಬಾವಿಯಿಂದ ಕೊಡ ಹೊತ್ತ ಹೆಂಗಸಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು.

ಈಗ ನಾವು 'ಗಾರ್ಡನ್' ಎಂದು ಕರೆಯುವುದರ ತವರು ಬೇರೆ. ಬೆಂಗಳೂರಿನ ಲಾಲ್‌ಬಾಗನ್ನು 1760ರಲ್ಲಿ ಹೈದರಾಲಿ ಆರಂಭಿಸಿದ. ಟಿಪ್ಪು ಹೊರದೇಶಗಳಿಂದ ಬೀಜ, ಸಸಿ ತರಿಸಿದ. 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. 1908ರಿಂದ 1932ರವರೆಗೆ ಅದನ್ನು ನೋಡಿಕೊಂಡ ಜರ್ಮನಿಯ ಕ್ರುಂಬಿಗಲ್, ಒಂದು ಮರದ ಹೂವು ಮುಗಿಯುತ್ತಿದ್ದಂತೆ ಇನ್ನೊಂದು ಅರಳುವ ಹಾಗೆ ಬೆಂಗಳೂರಿನ ರಸ್ತೆಗಳಿಗೆ ಮರಗಳನ್ನು ಆರಿಸಿದರು. ಆ ಸೊಬಗನ್ನು ನೋಡಿ ಊರೂರಲ್ಲಿ ಆಸೆ ಹುಟ್ಟಿತು. ಮಡಗಾಸ್ಕರದ ಗುಲ್‌ಮೊಹರ್ ಶಾಲೆಯ ಅಂಗಳಕ್ಕೆ ಬಂತು. ದಕ್ಷಿಣ ಅಮೆರಿಕದ ಬೋಗನ್‌ವಿಲಿಯಾ ಕಾಂಪೌಂಡ್ ಏರಿತು. ಕ್ರೋಟನ್ ಕುಂಡಗಳು ಮೆಟ್ಟಿಲಮೇಲೆ ಕುಳಿತವು.

ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದು ಎನ್ನುವ ಮಾತು ನನ್ನದಲ್ಲ. ಮೆಣಸಿನಕಾಯಿ, ಪೇರಲ, ಸೀತಾಫಲ, ಚೆಂಡುಹೂ ಕೂಡ ಅಮೆರಿಕ ಖಂಡದಿಂದ ಬಂದವೇ. ಪೇರಲ ಹಣ್ಣಾದರೆ ಗಿಳಿ, ಅಳಿಲು ನಮಗಿಂತ ಮೊದಲೇ ಹಾಜರು. ಹಾಗೆಯೇ ಚೆಂದದ ಹೂವಿಗಾಗಿ 19ನೆಯ ಶತಮಾನದ ಆರಂಭದಲ್ಲಿ ಬ್ರಿಟಿಷರು ತಂದ ಲಂಟಾನ ಬೇಲಿ ದಾಟಿ ಹೋಗಿ ಬಂಡೀಪುರದ ಕಾಡನ್ನೇ ನುಂಗಿ ಕೂತಿದೆ. ಅದರ ಹೂವಿನ ಮೇಲೂ ಪಾತರಗಿತ್ತಿ ಕೂಡುತ್ತದೆ, ನಿಜ. ಆದರೆ ಅದು ಜೇನು ಕುಡಿಯಲು ಬಂದ ನೆಂಟ. ಮೊಟ್ಟೆ ಇಡಲು ಅದಕ್ಕೆ ಬೇರೆ ಗಿಡ ಬೇಕು, ಮರಿಹುಳು ತಿನ್ನುವ ಎಲೆಯ ಗಿಡ.

ಇಲ್ಲಿಯೇ ನಮ್ಮ ಹಿತ್ತಲದ ಗುಟ್ಟು ಇರುವುದು. ಮಹಾರಾಷ್ಟ್ರದ ಗಡಿಗೆ ಹತ್ತಿರದ ನಮ್ಮ ಖಜೂರಿ, ಹೆಸರಿನಲ್ಲೇ ಹಣ್ಣಿನ ನೆನಪು ತರುವ ಊರು. ಇಲ್ಲಿ ತೊಗರಿ, ಜೋಳದ ಎರಿ ಭೂಮಿ; ಬೇಸಿಗೆಯ ಬಿಸಿಲು ಕೇಳುವುದೇ ಬೇಡ. ಆದರೂ ನಮ್ಮ ಅತ್ತೆಯವರ ಹಿತ್ತಲದಲ್ಲಿ ಕರಿಬೇವು, ನಿಂಬೆ, ದಾಸವಾಳ, ತುಳಸಿ, ಒಂದು ಮಲ್ಲಿಗೆ ಬಳ್ಳಿ, ಬಚ್ಚಲ ನೀರು ಹೋಗುವಲ್ಲಿ ಬಾಳೆ, ಮೂಲೆಗೆ ಔಡಲ ಇದ್ದವು. ಒಂದನ್ನೂ ಅವರು ಪಾತರಗಿತ್ತಿಗೆಂದು ಹಚ್ಚಿರಲಿಲ್ಲ. ಪಲ್ಯಕ್ಕೆ, ಪೂಜೆಗೆ, ಮುಡಿಗೆ, ಮದ್ದಿಗೆ ಹಚ್ಚಿದ್ದರು. ಕರಿಬೇವಿಗೆ ಹುಳ ಹತ್ತಿದೆ ಎಂದು ನಾನು ಹೇಳಿದಾಗ, "ಅದಕ್ಕೂ ಹೊಟ್ಟಿ ಅದಲ್ಲಯವ್ವಾ, ತಿಂದ್ರ ತಿನ್ಲಿ ಬಿಡು" ಎಂದಿದ್ದರು.

ಆ ಮಾತಿನ ಹಿಂದಿನ ವಿಜ್ಞಾನ ಅವರಿಗೆ ತಿಳಿದಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಕರಿಬೇವು, ನಿಂಬೆ, ಬಿಲ್ವ ಒಂದೇ ಕುಲದ ಗಿಡಗಳು. ಕಪ್ಪು-ಹಳದಿ ಮಚ್ಚೆಗಳ ನಿಂಬೆ ಪಾತರಗಿತ್ತಿ ಇವುಗಳ ಚಿಗುರಿನ ಮೇಲೆ ಮೊಟ್ಟೆ ಇಡುತ್ತದೆ. ಮರಿಹುಳು ಮೊದಮೊದಲು ಹಕ್ಕಿಯ ಹಿಕ್ಕೆಯಂತೆ ಕಾಣುತ್ತದೆ, ಯಾರೂ ಮುಟ್ಟಬಾರದೆಂದು. ಬೆಳೆದ ಮೇಲೆ ಎಲೆಯದೇ ಹಸಿರು. ಶನಿವಾರ ಹನುಮಪ್ಪನ ಹಾರಕ್ಕೆ ಬೇಕಾಗುವ ಎಕ್ಕೆಯ ಎಲೆ ತಿಂದು ಕಿತ್ತಳೆ ಬಣ್ಣದ ಇನ್ನೊಂದು ಪಾತರಗಿತ್ತಿ ಬೆಳೆಯುತ್ತದೆ. ಇನ್ನು ಗುಬ್ಬಿ. ದೊಡ್ಡ ಗುಬ್ಬಿ ಕಾಳು ತಿಂದು ಬದುಕುತ್ತದೆ, ಮರಿಗಳಿಗೆ ಮಾತ್ರ ಹುಳು ಹುಪ್ಪಟೆಯೇ ಬೇಕು. ಹೊಸ ಮನೆಗಳ ಗೋಡೆಯಲ್ಲಿ ಗೂಡಿಗೆ ಸಂದಿಲ್ಲ, ಅಂಗಳದ ಗಿಡದಲ್ಲಿ ಹುಳುವಿಲ್ಲ. ಒಂದು ಎಲೆಯೂ ತೂತು ಬೀಳದ ತೋಟ ಚಿತ್ರದಲ್ಲಿ ಚೆಂದ. ಹಸಿದು ಬಂದವರಿಗೆ ಅದು ಅಡುಗೆ ಇಲ್ಲದ ಮನೆ.

ಹಾಗೆಂದು ಚೆಂದವನ್ನು ಬಿಡಬೇಕಿಲ್ಲ. ಮನೆಯ ಮುಂದೆ ಹತ್ತು ಅಡಿ ಜಾಗವಿದ್ದರೂ ಸಾಕು. ಕಾಂಪೌಂಡಿನ ಗುಂಟ ಎತ್ತರದ ಗಿಡಗಳು ಬರಲಿ: ಕರಿಬೇವು, ನಿಂಬೆ, ಒಂದು ಪೇರಲ. ಅವುಗಳ ಮುಂದೆ ದಾಸವಾಳ. ಕೆಂಪು ಒಂಟೆಸಳಿನದಾದರೆ ಸೂರಕ್ಕಿ ತಪ್ಪದೆ ಬರುತ್ತದೆ. ನೀರು ಮುಟ್ಟದ ಒಣ ಮೂಲೆಗೆ ಆವರಿಕೆ ಹಚ್ಚಿರಿ. ನಮ್ಮ ಬಿಸಿಲಿಗೆ ಹೇಳಿ ಮಾಡಿಸಿದ ಗಿಡ, ಬಂಗಾರದಂಥ ಹೂವು. ಆ ಜಾತಿಯ ಗಿಡಗಳ ಎಲೆ ತಿಂದು ಹಳದಿ ಪಾತರಗಿತ್ತಿಗಳು ಬೆಳೆಯುತ್ತವೆ. ಬಾಗಿಲ ಹತ್ತಿರ ಮಲ್ಲಿಗೆಯ ಚಪ್ಪರ, ಎದುರಿಗೆ ತುಳಸಿಕಟ್ಟೆ. ತುಳಸಿಯ ತೆನೆಗಳನ್ನು ಎಲ್ಲ ಚಿವುಟದೆ ನಾಲ್ಕಾರು ಬಿಟ್ಟರೆ ಜೇನು ಬರುತ್ತದೆ. ಕ್ರೋಟನ್ನಿನ ಬಣ್ಣ ಬೇಕೆನಿಸಿದರೆ ಎರಡು ಕುಂಡ ಇರಲಿ, ಜಗಳವಿಲ್ಲ. ನೆಲವನ್ನೆಲ್ಲ ಟೈಲ್ಸ್‌ನಿಂದ ಮುಚ್ಚಿಬಿಡಬೇಡಿ. ಉದುರಿದ ಎಲೆ ಸುಡದೆ ಬುಡಕ್ಕೆ ಹಾಕಿದರೆ ತೇವ ಉಳಿಯುತ್ತದೆ, ನೀರೂ ಕಡಿಮೆ ಸಾಕು. ಸಾಬೂನು ಹೆಚ್ಚಿಲ್ಲದ ಬಚ್ಚಲ ನೀರನ್ನು ಬಾಳೆಗೆ ಬಿಡಬಹುದು. ಔಷಧ ಹೊಡೆಯುವ ಪಂಪನ್ನು ಹೊಲದವರಿಗೇ ಬಿಡಿ.

ಹೆಂಗಸರು ಮೂರು ಮಾತು ಕೇಳುತ್ತಾರೆ. ಹಾವು ಬಂದರೆ? ಬಾಗಿಲ ಬಳಿ ಇಟ್ಟಿಗೆ, ಕಟ್ಟಿಗೆಯ ರಾಶಿ ಬೇಡ. ಇಲಿ ಇದ್ದಲ್ಲಿ ಹಾವು. ಸೊಳ್ಳೆ? ಹಕ್ಕಿಗೆಂದು ಇಟ್ಟ ಮಣ್ಣಿನ ತಟ್ಟೆಯ ನೀರನ್ನು ದಿನವೂ ಚೆಲ್ಲಿ ಹೊಸದು ಹಾಕಬೇಕು. ಎಕ್ಕೆ? ಅದರ ಹಾಲು ಕಣ್ಣಿಗೆ ಕೆಟ್ಟದ್ದು, ಮಕ್ಕಳಿರುವ ಮನೆಯಲ್ಲಿ ಅದು ಬೇಲಿಯಾಚೆ ಇರಲಿ.

'ಹಿತ್ತಲ ಗಿಡ ಮದ್ದಲ್ಲ' ಎಂಬ ಗಾದೆಯನ್ನು ಹತ್ತಿರದ್ದನ್ನು ಕಡೆಗಣಿಸುವವರ ಬಗ್ಗೆ ಹೇಳುತ್ತೇವೆ. ಅಶೋಕನಿಂದ ಕ್ರುಂಬಿಗಲ್‌ವರೆಗೆ ದೊಡ್ಡವರ ತೋಟಗಳನ್ನೆಲ್ಲ ಸುತ್ತಿ ನೋಡಿದ ಮೇಲೆ ನನಗೆ ಅನಿಸಿದ್ದು ಇಷ್ಟೆ. ಕಣ್ಣಿಗೆ ಹಬ್ಬವಾಗುವ ತೋಟವನ್ನು ನಾವು ಅರಸರಿಂದ ಕಲಿತೆವು. ಇತರ ಜೀವಗಳಿಗೂ ಅನ್ನವಿಡುವ ತೋಟವನ್ನು ಯಾರೂ ಬರೆದಿಡದೆ ನಮ್ಮ ಅತ್ತೆ, ಅವ್ವಂದಿರು ನಡೆಸಿಕೊಂಡು ಬಂದರು. ಹಿತ್ತಲವೇ ಇಲ್ಲದ ಸೈಟುಗಳ ಈ ಕಾಲದಲ್ಲಿ ಅದನ್ನು ಮನೆಯ ಮುಂದಕ್ಕೆ ತರುವುದೊಂದೇ ಉಳಿದಿರುವ ದಾರಿ. ಬಂದವರು "ಏನ್ರಿ, ನಿಮ್ಮ ಕರಿಬೇವಿಗೆ ಹುಳ ಹತ್ಯಾವಲ್ಲ" ಎಂದರೆ, ಹೌದ್ರಿ, ಮನೆಗೆ ನೆಂಟರು ಬಂದಾರ ಎಂದು ಹೇಳಿ.